ಆರನೇ ಕುರ್ಚಿಯ ರಕ್ತ

“ಸೂಜಿ ಖಾಲಿ ಬಂತು,” ಎಂದರು ಸ್ಲೈಡ್ ಡಾಕ್ಟರು. “ಎರಡು ಸಲ ಚುಚ್ಚಿದೆ. ಎರಡು ಸಲವೂ ಒಂದು ಹನಿ ಮಜ್ಜೆ ಬರಲಿಲ್ಲ.”

ಭೂತಗನ್ನಡಿ ಕೈಚೀಲವನ್ನು ಸ್ಟೂಲಿನ ಮೇಲಿಟ್ಟಳು, ಮತ್ತೆ ಎತ್ತಿ ಹೆಗಲಿಗೇರಿಸಿದಳು. ಬೆಳಗಿನಿಂದ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

“ಮೂಳೆಯೊಳಗೆ ಮಜ್ಜೆಯೇ ಇಲ್ವಾ ಸರ್?”

“ಇದೆ. ಹೊರಗೆ ಬರೋ ಸ್ಥಿತೀಲಿಲ್ಲ. ಅದಕ್ಕೇ ಮೂಳೆಯದೇ ಒಂದು ಚೂರು ತೆಗೆದು ಸ್ಲೈಡ್ ಮಾಡಿದೀನಿ. ಬಾ, ನೀನೇ ನೋಡು. ನಿನ್ನ ಕಣ್ಣಿಗೆ ನಾನೇನು ಹೇಳಿಕೊಡೋದು.”

ಇಪ್ಪತ್ತಾರು ವರ್ಷ ಇದೇ ಆಸ್ಪತ್ರೆಯ ಇದೇ ಕೋಣೆಯಲ್ಲಿ ಬೆನ್ನು ಬಗ್ಗಿಸಿ ಊರಿನವರ ರಕ್ತ ಪರೀಕ್ಷೆ ಮಾಡಿದವಳು ಅವಳು. ಭೂತಗನ್ನಡಿ ಎಂಬ ಅಡ್ಡಹೆಸರು ಅಂಟಿದ್ದೂ ಇಲ್ಲೇ. ಆರು ವರ್ಷದ ಹಿಂದೆ ಕೆಲಸ ಬಿಟ್ಟು ಪತ್ತೇದಾರಿಕೆಯ ಬೋರ್ಡು ಹಾಕಿಕೊಂಡಾಗ ಆ ಹೆಸರೂ ಬಾಲದಂತೆ ಹಿಂದೆಯೇ ಬಂತು.

ಅವಳು ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು.

ಸಂತೆಯಂತೆ ಗಿಜಿಗುಡಬೇಕಾದ ಜಾಗ ಅದು. ರಕ್ತದ ಕಣಗಳು ಹುಟ್ಟಿ, ಬೆಳೆದು, ಒಂದನ್ನೊಂದು ತಳ್ಳಿಕೊಂಡು ಹೊರಡಬೇಕು. ಇಲ್ಲಿ ಕಂಡದ್ದು ಬರೀ ನಾರು. ಹರಿದ ಹಾಸಿಗೆಯೊಳಗಿನ ನಾರಿನ ಹಾಗೆ, ಗೋಜಲು ಗೋಜಲಾಗಿ ಮೂಳೆಯ ಗೂಡನ್ನೆಲ್ಲ ತುಂಬಿತ್ತು. ಮೂಲೆಯಲ್ಲೊಂದು, ಸಂದಿಯಲ್ಲೊಂದು ಕಣ. ಮೂಳೆಯ ಅಂಚನ್ನು ಇಲಿ ಕಡಿದಂತಿತ್ತು.

“ಇದು ನೀರು ಬೆರೆಸಿದ ಇಂಜೆಕ್ಷನ್ ಮಾಡಿದ ಕೆಲಸ ಅಲ್ಲ,” ಎಂದಳು.

“ಅಲ್ಲವೇ ಅಲ್ಲ. ಕುತ್ತಿಗೇಲಿ, ಥೈರಾಯ್ಡ್ ಹಿಂದೆ ಕಾಳಿನಷ್ಟು ದೊಡ್ಡ ನಾಲ್ಕು ಗ್ರಂಥಿ ಇದ್ಯಲ್ಲ, ಪ್ಯಾರಾಥೈರಾಯ್ಡು? ಕಿಡ್ನಿ ಕೆಟ್ಟವರಲ್ಲಿ ಅವು ಹುಚ್ಚು ಹಿಡಿದ ಹಾಗೆ ಹಾರ್ಮೋನ್ ಸುರಿಸ್ತವೆ. ಆ ಹಾರ್ಮೋನು ಮೂಳೆ ತಿನ್ನುತ್ತೆ. ತಿಂದ ಜಾಗದಲ್ಲಿ ನಾರು ಬೆಳೆಯುತ್ತೆ. ರಕ್ತ ಹುಟ್ಟೋಕೆ ಜಾಗವೇ ಇಲ್ಲ ಅಂದ್ಮೇಲೆ ನೀನು ಎಷ್ಟು ಇಂಜೆಕ್ಷನ್ ಕೊಟ್ರೇನು? ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ.”

ಎಂಟು ದಿನದ ಹಿಂದೆ ಒಬ್ಬಳು ಡ್ರಿಲ್ ಟೀಚರ್ ಭೂತಗನ್ನಡಿಯ ಬಳಿ ಬಂದು, ಡಯಾಲಿಸಿಸ್ ವಾರ್ಡಿನ ದೊಡ್ಡ ಸಿಸ್ಟರ್ ಆರನೇ ಕುರ್ಚಿಯ ಪೇಂಟರ್, ತನ್ನ ತಂದೆಯ ರಕ್ತ ಹೆಚ್ಚಿಸುವ ಔಷಧವನ್ನು ಕದ್ದು ನೀರು ಚುಚ್ಚುತ್ತಿದ್ದಳೆಂದು ದೂರಿದ್ದಳು. ಅದೇ ಅನುಮಾನದ ಮೇಲೆ ಅದಕ್ಕೂ ಎರಡು ದಿನ ಮೊದಲೇ ಸಿಸ್ಟರನ್ನು ಮನೆಗೆ ಕಳಿಸಿಯಾಗಿತ್ತು. ಬೇಲಿಯೇ ಎದ್ದು ಹೊಲ ಮೇಯ್ತು ಎಂದು ಇಡೀ ಆಸ್ಪತ್ರೆ ಆಡಿಕೊಂಡಿತ್ತು.

ಬೇಲಿ ಏನೂ ಮೇಯ್ದಿರಲಿಲ್ಲ.

“ಆದ್ರೆ ಸರ್, ಇವರ ಫೈಲು ನಾನು ನೋಡಿದೀನಿ. ಒಂದು ವರ್ಷದ ಹಿಂದೆ ಹಾರ್ಮೋನು ಒಂಬೈನೂರು ಇತ್ತು. ಮಾತ್ರೆ ಕೊಟ್ಟ ಮೇಲೆ ಇನ್ನೂರರ ಆಸುಪಾಸು. ನಾಲ್ಕು ರಿಪೋರ್ಟೂ ಹಾಗೇ ಇವೆ.”

ಡಾಕ್ಟರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. “ಇನ್ನೂರು ಇರೋ ಮನುಷ್ಯನ ಮೂಳೆ ಇದಲ್ಲ ಕಣಮ್ಮ. ಸಾವಿರದ ಮೇಲಿರಬೇಕು. ಫೈಲು, ಮೂಳೆ, ಎರಡರಲ್ಲಿ ಒಂದು ಸುಳ್ಳು ಹೇಳ್ತಿದೆ. ಮೂಳೆಗೆ ಸುಳ್ಳು ಬರಲ್ಲ.”

“ನಾಳೆ ಅವರಿಗೆ ಇನ್ನೊಂದು ಬಾಟಲಿ ರಕ್ತ ಏರಿಸ್ತಾರಂತೆ.”

“ಅದನ್ನ ಮೊದಲು ನಿಲ್ಲಿಸೋದು ಒಳ್ಳೇದು. ಮಗಳು ಕಿಡ್ನಿ ಕೊಡ್ತಾಳೆ ಅಂದ್ಯಲ್ಲ, ಯಾವಾಗ?”

“ಇನ್ನು ಹದಿನಾರು ದಿನ.”

“ಒಂದೊಂದು ಬಾಟಲಿ ಬೇರೆಯವರ ರಕ್ತ ಹೋದಾಗಲೂ ಮೈ ಪರಕೀಯರನ್ನ ದ್ವೇಷಿಸೋದು ಕಲೀತದೆ. ಕೊನೆಗೆ ಸ್ವಂತ ಮಗಳ ಕಿಡ್ನಿಯನ್ನೂ ಒದ್ದು ಆಚೆ ಹಾಕುತ್ತೆ.”

ಆಗಲೇ ಐದು ಬಾಟಲಿ ಏರಿತ್ತು. ಭೂತಗನ್ನಡಿ ಬಾಗಿಲಾಚೆ ಇದ್ದಳು.

*

ಹಾರ್ಮೋನಿನ ಪರೀಕ್ಷೆ ಮಾತ್ರ ಹೊರಗಿನ ಲ್ಯಾಬಿಗೆ ಹೋಗುತ್ತಿತ್ತು. ಮೂರು ತಿಂಗಳಿಗೊಮ್ಮೆ, ಐಸ್ ಡಬ್ಬಿಯಲ್ಲಿ.

ಬಸ್ಸು ಸಿಗ್ನಲ್ಲಿನಲ್ಲಿ ನಿಂತಿತು, ಮುಂದಿನ ಸಿಗ್ನಲ್ಲಿನಲ್ಲೂ ನಿಂತಿತು. ಅವಳು ಇಳಿದು ನಡೆದೇಬಿಟ್ಟಳು. ದಾರಿಯಲ್ಲಿ ಕಿಡ್ನಿ ಡಾಕ್ಟರಿಗೆ ಫೋನ್ ಮಾಡಿ ನಾಳಿನ ಬಾಟಲಿಯ ಮಾತು ಹೇಳೋಣವೆಂದರೆ ಅವರು ಎತ್ತಲಿಲ್ಲ.

ಲ್ಯಾಬಿನ ಮ್ಯಾನೇಜರು ಸ್ಥೂಲಕಾಯದ, ಹೆದರುಪುಕ್ಕಲ ಮನುಷ್ಯ. ಡ್ರಿಲ್ ಟೀಚರ್ ಸಹಿ ಮಾಡಿಕೊಟ್ಟಿದ್ದ ಒಪ್ಪಿಗೆಪತ್ರವನ್ನು ಮೂರು ಸಲ ಓದಿದ.

“ರಿಪೋರ್ಟ್ ಬೇಕಾ ಮೇಡಂ?”

“ರಿಪೋರ್ಟ್ ನೋಡಿ ನೋಡಿ ಸಾಕಾಗಿದೆ. ರಕ್ತ ಬೇಕು. ಆರು ದಿನದ ಹಿಂದೆ ಬಂದ ಟ್ಯೂಬು. ಇಟ್ಟಿದೀರಾ, ಎಸೆದಿದೀರಾ?”

“ಒಂದು ವಾರ ಇಡ್ತೀವಿ. ನಾಳೆ ಬಂದಿದ್ರೆ ಸಿಗ್ತಿರಲಿಲ್ಲ.”

ಅವನು ಫ್ರಿಜ್ಜಿನಿಂದ ನೇರಳೆ ಮುಚ್ಚಳದ ಪುಟ್ಟ ಟ್ಯೂಬನ್ನು ತಂದು ಸ್ಟ್ಯಾಂಡಿನಲ್ಲಿ ನಿಲ್ಲಿಸಿದ. ಲೇಬಲ್ಲಿನಲ್ಲಿ ದುಂಡು ಅಕ್ಷರಗಳು: ಆರನೇ ಕುರ್ಚಿ, ರೋಗಿಯ ಸಂಖ್ಯೆ, ತಾರೀಖು. ಡಯಾಲಿಸಿಸ್ ವಾರ್ಡಿನಲ್ಲಿ ಪ್ರಿಂಟರು ಕೆಟ್ಟು ವರ್ಷದ ಮೇಲಾಗಿತ್ತು. ಎಲ್ಲ ಕೈಬರಹವೇ.

ಭೂತಗನ್ನಡಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹಿಡಿದವಳು ಇಳಿಸಲಿಲ್ಲ.

ಮೇಲೆ ಹಳದಿ ನೀರು, ಕೆಳಗೆ ಕುಳಿತ ಕೆಂಪು. ಆ ಕೆಂಪು ಟ್ಯೂಬಿನ ಮೂರರಲ್ಲಿ ಒಂದು ಪಾಲಿತ್ತು. ಆರನೇ ಕುರ್ಚಿಯ ಪೇಂಟರನ ಹಿಮೋಗ್ಲೋಬಿನ್ ಆರು. ಅಷ್ಟು ಸೊರಗಿದ ರಕ್ತದಲ್ಲಿ ಐದರಲ್ಲಿ ಒಂದು ಪಾಲು ಕೆಂಪು ಕೂತರೆ ಹೆಚ್ಚು. ಇದನ್ನು ತಿಳಿಯಲು ಯಂತ್ರ ಬೇಕಾಗಿರಲಿಲ್ಲ.

“ಇದು ಅವರ ರಕ್ತವೇ ಅಲ್ಲ,” ಎಂದಳು.

“ಮೇಡಂ, ನಮ್ಮ ಕಡೆಯಿಂದ ಏನೂ ತಪ್ಪಾಗಿಲ್ಲ! ಬಂದ ಹಾಗೇ—”

“ನಿಮ್ಮನ್ನ ಯಾರೂ ಏನೂ ಅಂದಿಲ್ಲ. ಬಗ್ಗಿ ಇದನ್ನ ನೋಡಿ.”

ಲೇಬಲ್ಲಿನ ಮೂಲೆಗೆ ಉಗುರು ಕೊಟ್ಟು ಮೆಲ್ಲಗೆ ಎಬ್ಬಿಸಿದಳು. ಅದರಡಿ ಇನ್ನೊಂದು ಲೇಬಲ್ಲಿತ್ತು. ಬೇರೆ ಕೈಬರಹ, ಗಡಿಬಿಡಿಯದು. ಏಳನೇ ಕುರ್ಚಿ.

ಏಳನೇ ಕುರ್ಚಿಯ ಟ್ಯೂಬು ತರಿಸಿದಳು. ಅದರಲ್ಲಿ ಕೆಂಪು ತಳದಲ್ಲಿ ಅಂಟಿಕೊಂಡ ಹಾಗಿತ್ತು. ಅದರ ಲೇಬಲ್ಲಿನಡಿ ಆರನೇ ಕುರ್ಚಿ. ಮ್ಯಾನೇಜರು ಎರಡರಿಂದಲೂ ಒಂದೊಂದು ಹನಿ ತೆಗೆದು ಗುಂಪು ನೋಡಿದ. ಪೇಂಟರನ ಗುಂಪು ಓ ಎಂದು ಫೈಲಿನಲ್ಲಿತ್ತು. ಅವನ ಟ್ಯೂಬಿನಲ್ಲಿದ್ದದ್ದು ಬಿ. ಓ ಇದ್ದದ್ದು ಏಳನೆಯವನ ಟ್ಯೂಬಿನಲ್ಲಿ.

ಮ್ಯಾನೇಜರ ಹಣೆ ಬೆವರಿತು. ಆದರೆ ಭೂತಗನ್ನಡಿಯ ಕಣ್ಣು ಇನ್ನೂ ಮೇಲಿನ ಲೇಬಲ್ಲಿನ ಮೇಲೆಯೇ ಇತ್ತು. ಆ ದುಂಡು ಅಕ್ಷರ ಅವಳಿಗೆ ಗೊತ್ತು. ವರ್ಷಗಟ್ಟಲೆ ಅವಳ ಮೇಜಿಗೆ ಬರುತ್ತಿದ್ದ ಟ್ಯೂಬುಗಳ ಮೇಲೆ ಅದೇ ಕೈಬರಹ. ದೊಡ್ಡ ಸಿಸ್ಟರದ್ದು.

ಟ್ಯೂಬು ತುಂಬಿಸಿ ಆರು ದಿನ. ಸಿಸ್ಟರ್ ವಾರ್ಡು ಬಿಟ್ಟು ಹತ್ತು ದಿನ.

ಮನೆಯಲ್ಲಿ ಕೂತವಳು ವಾರ್ಡಿನಲ್ಲಿ ಲೇಬಲ್ ಬರೆಯುವುದುಂಟೇ?

ಇನ್ನೊಬ್ಬರ ಅಕ್ಷರವನ್ನು ಹೀಗೆ ಅಚ್ಚೊತ್ತಿದಂತೆ ಬರೆಯಬಲ್ಲ ಮನುಷ್ಯ ಅವಳಿಗೆ ತಿಳಿದಂತೆ ಆ ವಾರ್ಡಿನಲ್ಲಿ ಒಬ್ಬನೇ ಇದ್ದ. ಅವಳ ಆಫೀಸಿನ ಬೋರ್ಡನ್ನೂ ಅವನೇ ಬರೆದದ್ದು.

*

ಡಯಾಲಿಸಿಸ್ ವಾರ್ಡಿನಲ್ಲಿ ಹತ್ತು ಕುರ್ಚಿ, ಹತ್ತು ಯಂತ್ರ. ಆರನೆಯದರಲ್ಲಿ ಪೇಂಟರ್ ಒರಗಿದ್ದ. ಎಡಗೈಗೆ ಎರಡು ದಪ್ಪ ಸೂಜಿ. ಒಂದರಿಂದ ರಕ್ತ ಯಂತ್ರಕ್ಕೆ ಹೋಗುತ್ತಿತ್ತು, ಇನ್ನೊಂದರಿಂದ ವಾಪಸು ಬರುತ್ತಿತ್ತು. ಮುಖ ಮೇಣದ ಬಣ್ಣಕ್ಕಿತ್ತು. ಪಕ್ಕದ ಏಳನೇ ಕುರ್ಚಿ ಖಾಲಿ.

“ಏನು ತಾಯಿ, ಸಿಕ್ಕಿದ್ನಾ ಕಳ್ಳ?” ಎಂದು ನಕ್ಕ.

“ಸಿಕ್ಕಿದ ಪೇಂಟರಣ್ಣ. ಓಡಿಹೋಗೋ ಹಾಗಿಲ್ಲ. ಕೈಗೆ ಎರಡು ಸೂಜಿ ಹಾಕಿದ್ದಾರೆ.”

ನಗು ಅವನ ತುಟಿಯ ಮೇಲೆ ಇದ್ದಲ್ಲೇ ಉಳಿಯಿತು.

ಅವಳು ಐಸ್ ಫ್ಲಾಸ್ಕಿನಿಂದ ಟ್ಯೂಬು ತೆಗೆದು ಅವನೆದುರಿನ ತಟ್ಟೆಮೇಜಿನ ಮೇಲಿಟ್ಟಳು. ಅವನು ಅದನ್ನು ನೋಡಲಿಲ್ಲ. ಮೇಲಿನ ಫ್ಯಾನು ನೋಡಿದ.

“ಟ್ಯೂಬಿನ ಟ್ರೇ ನಿಮ್ಮ ಬಲಗೈಗೆ ಸಿಗೋ ಜಾಗದಲ್ಲೇ ಇಡ್ತಾರೆ. ಲೇಬಲ್ಲಿನ ಸುರುಳಿಯೂ ಅದರಲ್ಲೇ ಇರುತ್ತೆ. ಸಿಸ್ಟರುಗಳು ಯಂತ್ರ ಶುರುಮಾಡೋಕೆ ಆ ಕಡೆ ಹೋದ್ರೆ ಹತ್ತು ನಿಮಿಷ ಈ ಕಡೆ ಯಾರೂ ಬರಲ್ಲ. ನಿಮ್ಮ ಕೈಗೆ ಹತ್ತು ನಿಮಿಷ ಯಾಕೆ ಬೇಕು?”

“ಬೇಡ,” ಎಂದ ಪೇಂಟರ್. “ಎರಡು ನಿಮಿಷ ಸಾಕು.”

“ಯಾಕಣ್ಣ?”

“ನಿಮಗೆ ಮಕ್ಕಳಿದ್ದಾರಾ?”

“ಪ್ರಶ್ನೆ ನಂದು.”

“ಇಪ್ಪತ್ತೊಂಬತ್ತು ವಯಸ್ಸು ಅವಳಿಗೆ. ದಿನಾ ಮಕ್ಕಳ ಜೊತೆ ಓಡ್ತಾಳೆ, ನೆಗೀತಾಳೆ. ಅವಳ ಹೊಟ್ಟೆ ಕೊಯ್ಸಿ ನನ್ನ ಹೊಟ್ಟೆ ತುಂಬಿಸ್ಕೊಳ್ಳಲಾ?” ಅವನ ದನಿ ಏರಲಿಲ್ಲ. ಯಂತ್ರದ ಪರದೆಯಲ್ಲಿ ಮಾತ್ರ ಒಂದು ಸಂಖ್ಯೆ ಏರಿತು. “ಬೇಡ ಅಂತ ಬಾಯಿಬಿಟ್ಟು ಹೇಳಿದೆ. ಊಟ ಬಿಟ್ಟಳು. ಮೂರು ದಿನ ಅಗಳು ಮುಟ್ಟಲಿಲ್ಲ. ಹಟದಲ್ಲಿ ಅವಳ ಅಮ್ಮನಿಗಿಂತ ಒಂದು ಕೈ ಮೇಲು. ಆಮೇಲೆ ಒಂದು ದಿನ ಡಾಕ್ಟರು ಅಂದ್ರು, ರಕ್ತ ಏರಿಸ್ತಾ ಹೋದ್ರೆ ಮಗಳ ಕಿಡ್ನಿ ಹೊಂದದೇ ಹೋಗಬಹುದು ಅಂತ. ಈ ಹಾರ್ಮೋನನ್ನ ಹತೋಟಿಗೆ ತಂದ್ರೆ ರಕ್ತ ತಾನೇ ಹೆಚ್ಚುತ್ತೆ, ಏರಿಸೋದೇ ಬೇಡ ಅಂತ. ಅವರು ಒಳ್ಳೇದಕ್ಕೇ ಹೇಳಿದ್ರು. ನನಗೆ ದಾರಿ ಕಾಣಿಸ್ತು.”

“ಮಾತ್ರೆ?”

“ಸಿಂಕಿಗೆ.”

“ಹಾರ್ಮೋನು ಇಳಿದಿಲ್ಲ ಅಂತ ಗೊತ್ತಾದ್ರೆ ಬೇರೆ ಔಷಧ ಕೊಡ್ತಾರೆ ಅಂತ ಪಕ್ಕದವರ ರಕ್ತ ನಿಮ್ಮದಾಯ್ತು.”

“ಮೈಯೆಲ್ಲ ನೋಯುತ್ತೆ ತಾಯಿ. ರಾತ್ರಿ ಮಗ್ಗಲು ಬದಲಾಯಿಸಿದ್ರೆ ಮೂಳೆ ಕೂಗುತ್ತೆ. ಅವಳಿಗೋಸ್ಕರ ಅಂದ್ಕೊಂಡ್ರೆ ಅದೇನು ಮಹಾ.”

ಭೂತಗನ್ನಡಿಗೆ ಬೈಯಬೇಕೆನಿಸಿತು. ಎದ್ದು ಕಿಟಕಿಯವರೆಗೆ ಹೋದಳು, ವಾಪಸು ಬಂದಳು.

“ದೊಡ್ಡ ಸಿಸ್ಟರ್ ಕಳ್ಳಿ ಅನ್ನಿಸ್ಕೊಂಡು ಮನೇಲಿ ಕೂತಿದ್ದಾರೆ. ಅದು ಗೊತ್ತಾ ನಿಮಗೆ?”

“ಗೊತ್ತು. ಇವತ್ತೋ ನಾಳೆಯೋ ಹೇಳಬೇಕು ಅಂತಲೇ…”

“ಹೋಗ್ಲಿ, ಈ ಏಳನೆಯವರು? ನಿಮ್ಮ ರಕ್ತ ಅವರ ಹೆಸರಲ್ಲಿ ಹೋಯ್ತಲ್ಲ, ಅವರ ಗತಿ ಏನು ಅಂತ ಯೋಚಿಸಿದ್ರಾ?”

ಏಳನೇ ಕುರ್ಚಿಯವನು ನಿವೃತ್ತ ರೈಲ್ವೆ ಅನೌನ್ಸರ್. ಮೂವತ್ತು ವರ್ಷ ಊರಿಗೆ ಊರೇ ಅವನ ದನಿ ಕೇಳಿ ಗಾಡಿ ಹತ್ತಿತ್ತು. ವಾರ್ಡಿನಲ್ಲೂ ಅವನ ಬಾಯಿ ಸುಮ್ಮನಿರುತ್ತಿರಲಿಲ್ಲ. “ಪ್ರಯಾಣಿಕರ ಗಮನಕ್ಕೆ, ಆರನೇ ಕುರ್ಚಿಯ ಗಾಡಿ ಇಪ್ಪತ್ತು ನಿಮಿಷ ತಡವಾಗಿ ಹೊರಡಲಿದೆ” ಎಂದು ಅವನು ಘೋಷಿಸಿದರೆ ಸೂಜಿ ಚುಚ್ಚಿಸಿಕೊಂಡವರೂ ನಗುತ್ತಿದ್ದರು.

“ಅವನು ನನ್ನ ಗೆಳೆಯ,” ಎಂದ ಪೇಂಟರ್. “ಒಂದೆರಡು ಮಾತ್ರೆ ಜಾಸ್ತಿ ಕೊಡಬಹುದು ಅಂದ್ಕೊಂಡೆ, ಅಷ್ಟೇ. ಎಲ್ಲಿ ಇವತ್ತು ಬಂದೇ ಇಲ್ಲ.”

ಎಂಟನೇ ಕುರ್ಚಿಯ ಬಳಿ ಪೈಪು ಸರಿಪಡಿಸುತ್ತಿದ್ದ ಟೆಕ್ನಿಷಿಯನ್ ತಲೆಯೆತ್ತಿದ. “ಅನೌನ್ಸರ್ ಅವ್ರಾ? ಇವತ್ತು ಅವರಿಗೆ ಕುತ್ತಿಗೆ ಆಪರೇಷನ್ ಅಲ್ವಾ. ಹಾರ್ಮೋನು ಸಾವಿರದ ಎಂಟುನೂರಂತೆ. ಯಾವ ಮಾತ್ರೆಗೂ ಬಗ್ಗಲಿಲ್ಲ. ಸ್ಕ್ಯಾನಿನಲ್ಲಿ ಗ್ರಂಥಿ ಅಷ್ಟೇನೂ ದೊಡ್ಡದಾಗಿ ಕಾಣಲಿಲ್ಲ, ಆದ್ರೂ ಸಂಖ್ಯೆ ಅಷ್ಟಿದೆಯಲ್ಲ, ತೆಗೆದೇಬಿಡೋಣ ಅಂದ್ರು ಡಾಕ್ಟರು. ಹನ್ನೆರಡೂವರೆಗೆ ಥಿಯೇಟರಿಗೆ ಕರ್ಕೊಂಡು ಹೋದ್ರು.”

ಗೋಡೆಯ ಗಡಿಯಾರದಲ್ಲಿ ಹನ್ನೆರಡು ಐವತ್ತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆ ಗ್ರಂಥಿಗಳ ಮಗ್ಗುಲಲ್ಲೇ ದನಿಯ ನರ ಹಾದುಹೋಗುತ್ತದೆ. ಚಾಕು ಒಂದು ಕೂದಲೆಳೆ ಆಚೆ ಹೋದರೆ ಅನೌನ್ಸರನ ಬಾಯಲ್ಲಿ ಉಳಿಯುವುದು ಗಾಳಿ ಮಾತ್ರ.

ಪೇಂಟರ್ ಎದ್ದು ಕೂರಲು ಹೋದ. ಯಂತ್ರ ಕಿರುಚಿತು.

“ಅಲ್ಲಾಡಬೇಡಿ!” ಎಂದು ಟೆಕ್ನಿಷಿಯನ್ ಓಡಿಬಂದ.

ಭೂತಗನ್ನಡಿ ಟ್ಯೂಬು ಕಿತ್ತುಕೊಂಡು ಆಗಲೇ ಮೆಟ್ಟಿಲ ಮೇಲಿದ್ದಳು.

*

ಎರಡು ಮಹಡಿ. ಐವತ್ತೆರಡರ ಮೊಣಕಾಲು ಮೊದಲ ಮಹಡಿಯಲ್ಲೇ ತಕರಾರು ತೆಗೆಯಿತು. ಅವಳು ಕಿವಿಗೊಡಲಿಲ್ಲ.

ಥಿಯೇಟರಿನ ಬಾಗಿಲಲ್ಲಿ ಹಸಿರು ಟೋಪಿಯ ನರ್ಸು ಅಡ್ಡ ನಿಂತಳು. “ಒಳಗೆ ಬಿಡಲ್ಲ ಮೇಡಂ.”

“ನಾನು ಬರಲ್ಲ. ಸರ್ಜನ್ ಅವರನ್ನ ಹೊರಗೆ ಕಳಿಸಿ. ಒಳಗೆ ಮಲಗಿರೋರ ಹಾರ್ಮೋನು ಸಾವಿರದ ಎಂಟುನೂರು ಅಲ್ಲ, ಅದು ಬೇರೆಯವರ ರಕ್ತ ಅಂತ ಹೇಳಿ. ಈಗಲೇ ಹೋಗಮ್ಮ, ನಿನಗೆ ಕೈ ಮುಗೀತೀನಿ.”

ನರ್ಸು ಅವಳ ಮುಖ ನೋಡಿದಳು, ಟ್ಯೂಬು ನೋಡಿದಳು, ಒಳಗೆ ಓಡಿದಳು.

ಸರ್ಜನ್ ಹೊರಬಂದಾಗ ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದಿದ್ದ. ಭೂತಗನ್ನಡಿ ಮೊದಲು ನೋಡಿದ್ದು ಅವನ ಗ್ಲೌಸನ್ನು. ಒಂದು ಹನಿಯೂ ಇರಲಿಲ್ಲ.

ಎರಡು ಟ್ಯೂಬು, ಎರಡೆರಡು ಲೇಬಲ್ಲು, ಎರಡು ಗುಂಪು, ನಾಳೆ ಪೇಂಟರನಿಗೆ ಏರಿಸಲಿರುವ ಬಾಟಲಿ. ಅವಳು ಹೇಳಿ ಮುಗಿಸುವಷ್ಟರಲ್ಲಿ ಮಾಸ್ಕಿನ ಮೇಲಿನ ಕಣ್ಣುಗಳು ಕಿರಿದಾಗಿದ್ದವು.

“ಅರಿವಳಿಕೆ ಕೊಟ್ಟಾಗಿದೆ,” ಎಂದ. “ಚಾಕು ಹಿಡಿಯೋದರಲ್ಲಿದ್ದೆ. ಎಬ್ಬಿಸ್ತೀನಿ. ಹೊಸದಾಗಿ ರಕ್ತ ತೆಗೆಸಿ ನೋಡೋವರೆಗೂ ಅವರ ಕುತ್ತಿಗೆ ಮುಟ್ಟಲ್ಲ. ನಾಳಿನ ಬಾಟಲಿಯ ವಿಷಯ ಕಿಡ್ನಿ ಡಾಕ್ಟರಿಗೆ ನಾನೇ ಹೇಳ್ತೀನಿ. ಇದನ್ನ ಮಾಡಿದ್ದು ಯಾರು?”

“ಹೇಳ್ತೀನಿ ಡಾಕ್ಟ್ರೇ. ಇನ್ನೊಂದು ಹತ್ತು ನಿಮಿಷ ಕೊಡಿ.”

ಯಾಕೆ ಹತ್ತು ನಿಮಿಷ ಕೇಳಿದಳೋ ಅವಳಿಗೇ ಸ್ಪಷ್ಟವಿರಲಿಲ್ಲ. ಏನೋ ಒಂದು ಚುಚ್ಚುತ್ತಿತ್ತು, ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ.

*

ಪೇಂಟರನ ಕೆನ್ನೆ ಒದ್ದೆಯಾಗಿತ್ತು. “ಕುತ್ತಿಗೆ?”

“ಹಾಗೇ ಇದೆ. ಎಚ್ಚರ ಆದ್ಮೇಲೆ ನಿಮಗೆ ಬೈಯೋಕೆ ದನಿಯೂ ಇರುತ್ತೆ.”

ಅವನು ಬಲಗೈಯಿಂದ ಮುಖ ಮುಚ್ಚಿಕೊಂಡ. ಭುಜ ಕುಲುಕಿತು.

“ಒಂದು ಅರ್ಥ ಆಗ್ತಿಲ್ಲ ಅಣ್ಣ. ಸಿಸ್ಟರ್ ಇಲ್ಲ ಅಂತ ಗೊತ್ತಿದ್ದೂ ಅವರ ಅಕ್ಷರದಲ್ಲೇ ಯಾಕೆ ಬರೆದ್ರಿ?”

ಪೇಂಟರ್ ಕೈ ಸರಿಸಿದ. “ಯಾವಾಗ?”

“ಈ ಸಲ. ಆರು ದಿನದ ಹಿಂದೆ.”

“ಈ ಸಲ ನಾನು ಬರೆದೇ ಇಲ್ಲವಲ್ಲ.”

“ಈಗ ತಾನೇ ಒಪ್ಪಿಕೊಂಡ್ರಿ.”

“ಮೂರು ಸಲ ಬರೆದೆ. ಮೂರೇ. ಅನೌನ್ಸರ್‌ಗೆ ಆ ಮಾತ್ರೆ ಆಗಿಬರ್ತಿರಲಿಲ್ಲ ತಾಯಿ, ತಿಂದದ್ದೆಲ್ಲ ವಾಂತಿ. ನನ್ನ ಪಕ್ಕದಲ್ಲೇ ಕೂತು ಬಕೆಟ್ಟಿಗೆ ಕಕ್ಕೋನು. ಅದನ್ನ ನೋಡಿ ಸಾಕು ಅನ್ನಿಸ್ತು. ಈ ಸಲ ಟ್ರೇ ಕಡೆ ಕೈಯನ್ನೇ ಚಾಚಲಿಲ್ಲ. ಈ ರಿಪೋರ್ಟ್ ನಿಜ ಹೇಳುತ್ತೆ, ಆಮೇಲೆ ಬಂದದ್ದು ಬರಲಿ ಅಂತ ಕಾಯ್ತಿದ್ದೆ.” ಬಲಗೈ ಚಾಚಿದ. “ಕೊಡಿ ಇಲ್ಲಿ.”

ಅವಳು ಟ್ಯೂಬು ಕೊಟ್ಟಳು. ಅವನು ಕಣ್ಣಿನ ಹತ್ತಿರ ತಂದು ತಿರುಗಿಸಿದ. ರೋಗಿಯ ಮುಖ ಹೋಗಿ ಕಸಬುದಾರನ ಮುಖ ಬಂತು.

“ನಂದಲ್ಲ. ಚೆನ್ನಾಗೇ ಬರೆದಿದ್ದಾರೆ, ಕೈ ಪಳಗಿದೆ. ಆದ್ರೆ ಇಲ್ಲಿ ನೋಡಿ, ಅಕ್ಷರದ ಕೆಳಗೆ ಪೆನ್ಸಿಲಿನ ಗೆರೆ. ಮೇಲೊಂದು, ಕೆಳಗೊಂದು, ಕೂದಲಿನಷ್ಟು ತೆಳ್ಳಗೆ. ಮೊದಲು ಗೆರೆ ಎಳಿ, ಅಕ್ಷರ ಆಮೇಲೆ ಬರಿ ಅಂತ ಕಲಿಯೋರಿಗೆ ನಾನೇ ಹೇಳಿಕೊಡ್ತಿದ್ದೆ. ನನಗೇ ಗೆರೆ ಬೇಡವಾಗಿ ಮೂವತ್ತು ವರ್ಷ ಆಯ್ತು.”

“ಯಾರ್ಯಾರಿಗೆ ಕಲಿಸಿದ್ರಿ?”

“ಈಗ ಯಾರು ತಾಯಿ ಬ್ರಶ್ ಹಿಡಿಯೋಕೆ ಬರ್ತಾರೆ? ಕಲಿಸಿದ್ದು ಒಬ್ಬ…”

ಮಾತು ಅಲ್ಲಿಗೇ ಕಡಿಯಿತು. ಅವನ ಮುಖದಲ್ಲಿ ಉಳಿದಿದ್ದ ಅಷ್ಟಿಷ್ಟು ಬಣ್ಣವೂ ಇಳಿಯಿತು.

ಈ ನಾಲ್ಕನೇ ಲೇಬಲ್ಲು ಇಲ್ಲದಿದ್ದರೆ ಅನೌನ್ಸರ್ ಇವತ್ತು ಆ ಮೇಜಿನ ಮೇಲೆ ಮಲಗುತ್ತಲೇ ಇರಲಿಲ್ಲ ಎನ್ನುವುದು ಈಗ ಭೂತಗನ್ನಡಿಯ ತಲೆಗೆ ಹೊಳೆಯಿತು. ಬರೆದವರಿಗೆ ಸಿಸ್ಟರ್ ಇಲ್ಲವೆಂದು ಗೊತ್ತಿರಲಿಲ್ಲವೋ, ಚೆನ್ನಾಗಿ ಗೊತ್ತಿದ್ದೇ ಬರೆದರೋ?

“ಅಪ್ಪ?”

ಡ್ರಿಲ್ ಟೀಚರ್ ಬಾಗಿಲಲ್ಲಿದ್ದಳು. ಬಿಡುವಾದಾಗೆಲ್ಲ ಅಪ್ಪನ ಪಕ್ಕ ಬಂದು ಕೂರುವವಳು, ಶಾಲೆಯಿಂದ ನೇರ ಬಂದಿರಬೇಕು. ಬೂಟಿಗೆ ಮೈದಾನದ ಧೂಳು, ಕೊರಳಲ್ಲಿ ಸೀಟಿ.

“ಯಾಕಪ್ಪ, ಅಳ್ತಿದೀಯಾ? ಮೇಡಂ, ಏನಾಯ್ತು?”

ಪೇಂಟರ್ ಟ್ಯೂಬನ್ನು ಮುಷ್ಟಿಯಲ್ಲಿ ಅಡಗಿಸಲು ಹೋದ. ತಡವಾಗಿತ್ತು.

“ನಾಲ್ಕೂ ನಾನೇ ಬರೆದದ್ದು,” ಎಂದ ಭೂತಗನ್ನಡಿಯ ಕಡೆ ತಿರುಗಿ, ಗಟ್ಟಿಯಾಗಿ, ವಾರ್ಡಿಗೆಲ್ಲ ಕೇಳುವಂತೆ. “ಬರ್ಕೊಳ್ಳಿ ತಾಯಿ. ಮೂರಲ್ಲ, ನಾಲ್ಕು. ಈಗ ಹೇಳಿದ್ದೆಲ್ಲ ಸುಳ್ಳು.”

ಯಂತ್ರ ಮತ್ತೆ ಕಿರುಚತೊಡಗಿತು. ಟೆಕ್ನಿಷಿಯನ್ ಓಡಿಬಂದ.

ಮಗಳು ಯಂತ್ರದ ಕಡೆ ನೋಡಲಿಲ್ಲ. ತಂದೆಯ ಮುಖದ ಕಡೆಯೂ ನೋಡಲಿಲ್ಲ. ಅವಳ ಕಣ್ಣು ಅವನ ಬೆರಳ ಸಂದಿಯಲ್ಲಿ ಇಣುಕುತ್ತಿದ್ದ ನೇರಳೆ ಮುಚ್ಚಳದ ಮೇಲಿತ್ತು.

“ಅದನ್ನ ಪರೀಕ್ಷೆ ಆದ ದಿನವೇ ಎಸೆದುಬಿಡ್ತಾರೆ ಅಂದ್ಕೊಂಡಿದ್ದೆ,” ಎಂದಳು.